ಮಲರ್ ಹೆಸರಿಗೆ ಬಂದ ವೀಸಾ

ಬೆಳುವಾಯಿ
23 ಫೆಬ್ರವರಿ 1997, ಭಾನುವಾರ

ಪ್ರೀತಿಯ ಸಬೀಹಾ,

ನೀನು, ನಿನ್ನ ಯಜಮಾನರು, ಇಹ್ಸಾನ್ ಎಲ್ಲರೂ ಶಾರ್ಜಾದಲ್ಲಿ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಶಾಲೆ ನಡೆಯುತ್ತಿದೆ, ಮಕ್ಕಳು ಚೆನ್ನಾಗಿದ್ದಾರೆ. ನಾನು ಮಾತ್ರ ಚೆನ್ನಾಗಿಲ್ಲ. ರಸ್ತೆಯಲ್ಲಿ ಜೀಪು ನಿಧಾನವಾದರೆ ಸಾಕು, ಪಾಠದ ನಡುವೆ ನನ್ನ ಮಾತು ನಿಂತುಹೋಗುತ್ತದೆ. ಮಕ್ಕಳಿಗೆ ಜೀಪಿನ ಸದ್ದು ಕೇಳಿಸುವುದಿಲ್ಲ. ನನ್ನ ತುಟಿ ನಿಂತದ್ದು ಕಂಡು, ಏನಾಯಿತೆಂದು ಕೈಸನ್ನೆಯಲ್ಲಿ ಕೇಳುತ್ತಾರೆ.

ಹೋದ ವಾರ ನೀನು ಅಂಗಡಿಗೆ ಫೋನು ಮಾಡಿದಾಗ, ಲಂಕೆಯ ಅತಿಥಿಗಳೆಲ್ಲ ಸುಖವಾಗಿ ಹೊರಟರು ಎಂದೆ. ಅಂಗಡಿಯವರು ಪಕ್ಕದಲ್ಲೇ ನಿಂತಿದ್ದರು, ಬೇರೆ ಏನು ಹೇಳಲಿ? ಈ ಕಾಗದವನ್ನು ಅಂಚೆಗೆ ಹಾಕಲು ಧೈರ್ಯವಿಲ್ಲ. ನಿನ್ನ ತಮ್ಮ ಅನ್ಸಾಫ್ ಬುಧವಾರ ಹೊರಡುತ್ತಾನಂತೆ, ಅವನ ಕೈಯಲ್ಲಿ ಕಳುಹಿಸುತ್ತೇನೆ. ಒಳಗೇನುಂಟೆಂದು ಅವನಿಗೆ ಗೊತ್ತಿಲ್ಲ. ಏಪ್ರಿಲಿನಲ್ಲಿ ನೀನು ರಜೆಗೆ ಬರುವವಳು. ವಿಮಾನದಿಂದ ಇಳಿಯುವಾಗ ಯಾರಾದರೂ ಪಕ್ಕಕ್ಕೆ ಕರೆದರೆ, ಯಾಕೆ ಕರೆದರು ಎಂಬುದಾದರೂ ನಿನಗೆ ಗೊತ್ತಿರಬೇಕು. ಅದಕ್ಕಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ಇವರಿಗೂ ಹೇಳಿಲ್ಲ.

ಮೊದಲ ಭಾಗ ನಿನಗೆ ಗೊತ್ತಿದ್ದದ್ದೇ. ಮದ್ರಾಸಿನಲ್ಲಿ ಕಿವುಡ ಮಕ್ಕಳಿಗೆ ಕಲಿಸುವ ತರಬೇತಿಯಲ್ಲಿ ನನ್ನ ಜೊತೆಗಿದ್ದ ಪುಷ್ಪರಾಣಿ ಲಂಕೆಯ ಪೂರ್ವ ಕರಾವಳಿಯಲ್ಲಿ ನಮ್ಮಂಥದೇ ಒಂದು ಶಾಲೆ ನಡೆಸುತ್ತಾಳೆ. ಅವಳ ಮೂವರು ಹುಡುಗಿಯರು ಒಂದು ತಿಂಗಳು ಇಲ್ಲಿದ್ದು ಹೊಲಿಗೆ ಕಲಿಯಲಿ, ನಮ್ಮ ಹುಡುಗಿಯರಿಗೆ ಓಲೆಯ ಚಾಪೆ ಹೆಣೆಯಲು ಕಲಿಸಲಿ ಎಂದು ನಾವಿಬ್ಬರು ಆಸೆಪಟ್ಟೆವು. ಟ್ರಸ್ಟಿನ ಅಧ್ಯಕ್ಷೆಯಾಗಿ ಆಹ್ವಾನಕ್ಕೂ, ಇವರ ಜವಾಬ್ದಾರಿ ನಮ್ಮದು ಎಂಬ ಪತ್ರಕ್ಕೂ ನೀನು ಸಹಿ ಹಾಕಿ ಶಾರ್ಜಾಕ್ಕೆ ಹೋದೆ. ಆಮೇಲೆ ಇಡೀ ಮಳೆಗಾಲ ಬರೀ ಪ್ರಶ್ನೆಗಳು ಬಂದವು. ಲಂಕೆಯ ತಮಿಳು ಹುಡುಗಿಯರು ಬೆಳುವಾಯಿಗೆ ಯಾಕೆ ಬರಬೇಕು? ಕಿವುಡರೆಂದು ಸರ್ಟಿಫಿಕೇಟು ಕೊಟ್ಟವರು ಯಾರು? ಅಧ್ಯಕ್ಷೆ ಗಲ್ಫಿನಲ್ಲಿ ಯಾಕೆ ಇದ್ದಾರೆ? ಒಂದಕ್ಕೆ ಉತ್ತರ ಬರೆದು ಕಳುಹಿಸಿದರೆ ಇನ್ನೊಂದು ಬರುತ್ತಿತ್ತು. ದೀಪಾವಳಿ ಕಳೆಯಿತು. ಪುಷ್ಪರಾಣಿಯ ಊರಿನ ಕಡೆ ಗಲಾಟೆ ಜೋರಾಗಿದೆಯೆಂದು ರೇಡಿಯೋದಲ್ಲಿ ಕೇಳುತ್ತಿದ್ದೆವು. ಇನ್ನು ಇಲ್ಲ ಎಂದುಕೊಂಡಾಗ ಜನವರಿಯಲ್ಲಿ ವೀಸಾ ಬಂತು. ಒಂದೇ ತಿಂಗಳು, ನಮ್ಮ ಶಾಲೆ ಬಿಟ್ಟು ಬೇರೆಲ್ಲೂ ಉಳಿಯಬಾರದು, ಬಂದ ಕೂಡಲೇ ಪೊಲೀಸರಲ್ಲಿ ಹೆಸರು ಬರೆಸಬೇಕು.

ಮೂವರನ್ನೂ ಕರೆದುಕೊಂಡು ಪುಷ್ಪರಾಣಿ ಬಂದಳು. ಇಬ್ಬರು ಚಿಕ್ಕವರು ಎರಡೇ ದಿನದಲ್ಲಿ ನಮ್ಮ ಮಕ್ಕಳೊಡನೆ ಬೆರೆತರು. ಮೂರನೆಯವಳು ಮಲರ್. ಹದಿನೇಳು ಹದಿನೆಂಟರ ಹುಡುಗಿ. ಯಾರ ಕಣ್ಣಿಗೂ ಕಣ್ಣು ಕೊಡುತ್ತಿರಲಿಲ್ಲ. ಕೈಸನ್ನೆಯಲ್ಲಿ ಅವಳು ಮಾತಾಡುವುದು ತೀರಾ ಕಡಿಮೆ. ಮಾತಾಡಿದರೂ, ಪುಸ್ತಕ ನೋಡಿ ಕಲಿತವರಂತೆ ತಡೆದು ತಡೆದು.

ಒಂದು ಬೆಳಿಗ್ಗೆ ಅಡುಗೆಯ ಕಾವೇರಮ್ಮ ಬಟ್ಟೆ ಒಣಹಾಕಲು ಹೋಗಿದ್ದಳು. ಮಲರ್ ಒಲೆಗೆ ಬೆನ್ನು ಹಾಕಿ ಬಸಳೆ ಹೆಚ್ಚುತ್ತಿದ್ದಳು. ಕುಕ್ಕರ್ ಕೂಗಿತು. ಹೆಚ್ಚುತ್ತಲೇ ಇದ್ದಳು. ಮತ್ತೆ ಕೂಗಿತು. ಮೂರನೆಯ ಕೂಗಿಗೆ, ತಿರುಗಿಯೂ ನೋಡದೆ, ಕೈ ಹಿಂದೆ ಚಾಚಿ ಗ್ಯಾಸ್ ಆರಿಸಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಇಷ್ಟು ವರ್ಷ ಕಿವುಡ ಮಕ್ಕಳ ಜೊತೆ ಇದ್ದವಳಿಗೆ ಬೇರೆ ಪುರಾವೆ ಬೇಕೆ?

ಪುಷ್ಪರಾಣಿಯನ್ನು ಹೊಲಿಗೆ ಕೋಣೆಗೆ ಕರೆದು ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ.

"ಇವಳಿಗೆ ಕೇಳಿಸುತ್ತದೆ, ಶಶಿ," ಎಂದಳು. "ನಮ್ಮಲ್ಲಿ ಈ ವಯಸ್ಸಿನ ಮಕ್ಕಳನ್ನು ಹೋರಾಟದವರು ಮನೆಯಿಂದಲೇ ಎಳೆದುಕೊಂಡು ಹೋಗ್ತಾರೆ. ಬಂದೂಕು ಕೊಡ್ತಾರೆ. ಇವಳ ಅಣ್ಣನನ್ನು ಆಗಲೇ ಕರೆದುಕೊಂಡು ಹೋಗಿ ಆಗಿದೆ. ಇವಳನ್ನಾದರೂ ದಾಟಿಸಬೇಕಿತ್ತು."

"ನನಗೆ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದರೆ ನೀನು ಕರೆಸುತ್ತಿದ್ದೆಯಾ?"

ನನಗೆ ಸಿಟ್ಟು ಬಂತು, ಸಬೀಹಾ. ನಿನ್ನ ಸಹಿ, ನಮ್ಮ ಶಾಲೆ, ಮೂವತ್ತು ಮಕ್ಕಳು, ಎಲ್ಲ ಕಣ್ಣ ಮುಂದೆ ಬಂತು. ಬೆಳಗಾದರೆ ಪೊಲೀಸರಿಗೆ ಹೇಳಿಬಿಡುವ ಎಂದು ಪ್ರತಿ ದಿನವೂ ಅಂದುಕೊಂಡೆ, ಪ್ರತಿ ದಿನವೂ ಹೇಳಲಿಲ್ಲ.

ಅಷ್ಟರಲ್ಲಿ ಅವರೇ ಬಂದರು. ಪೇಟೆಯಲ್ಲಿ ನಾಯಿ ಬೊಗಳಿದಾಗ ಲಂಕೆಯ ಹುಡುಗಿಯೊಬ್ಬಳು ಬೆಚ್ಚಿ ತಿರುಗಿದಳೆಂದು ಯಾರೋ ಠಾಣೆಗೆ ಹೇಳಿದ್ದರು. ಇನ್ಸ್‌ಪೆಕ್ಟರು ಒರಟರಲ್ಲ. ಕುರ್ಚಿಯಲ್ಲಿ ಕುಳಿತು, ಕೊಟ್ಟ ಚಹಾ ಕುಡಿದು, ಜವಾಬ್ದಾರಿ ಪತ್ರ ಕೇಳಿದರು. ನಿನ್ನ ಹೆಸರನ್ನು ಒಮ್ಮೆ ಓದಿದರು. ಸ್ವಲ್ಪ ಬಿಟ್ಟು ಇನ್ನೊಮ್ಮೆ ಗಟ್ಟಿಯಾಗಿ ಓದಿದರು. "ಇವರ ಮನೆ ಫರಂಗಿಪೇಟೆಯಲ್ಲಾ?" ಎಂದು ಕೇಳಿದರು. ಹೌದೆಂದೆ.

ಆಮೇಲೆ ಮೂವರನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಲು ಹೇಳಿದರು. ಹಿಂದಿನಿಂದ ಹೋಗಿ ಸ್ಟೀಲ್ ತಟ್ಟೆಯನ್ನು ಸಿಮೆಂಟಿನ ನೆಲಕ್ಕೆ ಎಸೆದರು. ಕಾವೇರಮ್ಮ ಒಳಗಿಂದ ಓಡಿ ಬಂದಳು. ಆ ಮೂವರು ಅಲುಗಲಿಲ್ಲ. ನಾನು ಬದಿಯಲ್ಲಿದ್ದೆ. ಮಲರ್‌ಳ ಕುತ್ತಿಗೆಯ ನರ ಬಿಗಿಯಾದದ್ದು ನನಗೆ ಕಂಡಿತು. ಇನ್ಸ್‌ಪೆಕ್ಟರಿಗೂ ಕಂಡಿತೋ ಏನೋ. ಅವರು ನನ್ನ ಕಡೆ ತಿರುಗಿದರು.

"ಟೀಚರೇ, ಇದರಲ್ಲಿ ನಮಗಿಂತ ನಿಮಗೆ ಹೆಚ್ಚು ಗೊತ್ತುಂಟು. ನೀವೇ ಹೇಳಿ. ಈ ದೊಡ್ಡವಳಿಗೆ ಕಿವಿ ಕೇಳ್ತದಾ?"

ನಾನು ಇಲ್ಲ ಎಂದೆ. ಹುಟ್ಟಿನಿಂದಲೇ ಇಲ್ಲ, ನಾನೇ ಪರೀಕ್ಷೆ ಮಾಡಿದ್ದೇನೆ ಎಂದೂ ಸೇರಿಸಿದೆ. ಅಷ್ಟು ಹೇಳಬೇಕಾಗಿರಲಿಲ್ಲ. ಹೆದರಿಕೆಯಲ್ಲಿ ಸುಳ್ಳು ಉದ್ದವಾಗುತ್ತದೆ.

ಅವರು ಅದನ್ನು ಬರೆಸಿಕೊಂಡು ನನ್ನ ಸಹಿ ಪಡೆದರು. ಹೊರಡುವಾಗ, "ಇದು ನಿಮ್ಮ ಮಾತು, ನನ್ನದಲ್ಲ. ನಾಳೆ ಏನಾದರೂ ಬಂದರೆ ಮೊದಲು ಬರುವುದು ನಿಮ್ಮ ಹೆಸರು, ಆಮೇಲೆ ಅವರದ್ದು," ಎಂದು ನಿನ್ನ ಸಹಿಯ ಮೇಲೆ ಬೆರಳಿಟ್ಟರು.

ಮಾರನೆಯ ದಿನ ಇಬ್ಬರು ಪೊಲೀಸರು ಫರಂಗಿಪೇಟೆಗೆ ಹೋಗಿ ನಿನ್ನ ಉಮ್ಮನನ್ನು ವಿಚಾರಿಸಿದರು. ಇದನ್ನು ಉಮ್ಮ ನಿನಗೆ ಹೇಳಿರಲಾರರು. ಮಗಳು ಯಾರ್‍ಯಾರಿಗೆ ದುಡ್ಡು ಕಳುಹಿಸುತ್ತಾಳೆ, ಮನೆಗೆ ಯಾರ್‍ಯಾರು ಬರುತ್ತಾರೆ ಎಂದೆಲ್ಲ ಕೇಳಿದರಂತೆ. ನಾನು ಸುದ್ದಿ ತಿಳಿದು ಮೂಡುಬಿದಿರೆಯಿಂದ ಬಸ್ಸು ಹತ್ತಿ ಬಂಟ್ವಾಳದ ಮೂಲಕ ಫರಂಗಿಪೇಟೆಗೆ ಹೋದೆ. ಉಮ್ಮ ಜಗಲಿಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಕಲ್ಲಿನ ಜೊತೆ ಅಕ್ಕಿಯನ್ನೂ ಆರಿಸಿ ಎಸೆಯುತ್ತಿದ್ದರು.

"ಶಶೀ, ನನ್ನ ಮಗಳು ತಪ್ಪು ಏನಾದರೂ ಮಾಡಿದ್ದಾಳಾ?" ಎಂದು ಕೇಳಿದರು.

"ಇಲ್ಲ ಉಮ್ಮ, ಅವಳು ಏನೂ ಮಾಡ್ಲಿಲ್ಲ."

"ಮತ್ತೆ ಯಾರು ಮಾಡಿದ್ದು?"

ನಾನು ಮೊರವನ್ನು ನನ್ನ ಕಡೆ ಎಳೆದುಕೊಂಡು ಅಕ್ಕಿ ಆರಿಸತೊಡಗಿದೆ. ಅವರು ಮತ್ತೆ ಕೇಳಲಿಲ್ಲ. ಒಳಗೆ ಹೋಗಿ ಅಕ್ಕಿಯ ಪತ್ತಿರಿ ರೊಟ್ಟಿ ಕಟ್ಟಿ ತಂದುಕೊಟ್ಟು, "ಆ ದೂರದ ಮಕ್ಕಳಿಗೆ ಕೊಡು," ಎಂದರು.

ಇನ್ನು ತಿಂಗಳು ತುಂಬುವವರೆಗೆ ಕಾಯುವುದು ಬೇಡವೆಂದು ಪುಷ್ಪರಾಣಿ ಹೊರಟಳು. ಠಾಣೆಗೆ ಹೋಗಿ, ನಾಲ್ವರೂ ಮದ್ರಾಸಿಗೆ ಹೋಗುತ್ತಿದ್ದಾರೆ, ಅಲ್ಲಿಂದ ಕೊಲಂಬೊಗೆ ವಿಮಾನ ಎಂದು ಬರೆದುಕೊಟ್ಟು ಬಂದೆ. ಮಂಗಳೂರಿನಲ್ಲಿ ನಾನೇ ರೈಲು ಹತ್ತಿಸಿದೆ. ಮದ್ರಾಸಿನಿಂದ ಪುಷ್ಪರಾಣಿ ಫೋನು ಮಾಡಿ, "ಹೂವಿನ ಗಿಡ ಮಾವನ ತೋಟಕ್ಕೆ ತಲುಪಿತು," ಎಂದಳು. ಮಲರ್ ಎಂದರೆ ತಮಿಳಿನಲ್ಲಿ ಹೂವು. ಮಲರ್‌ಳ ಸೋದರಮಾವ ತಿರುಚ್ಚಿಯಲ್ಲಿದ್ದಾರೆ, ಅವರು ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋದರು. ನಿರಾಶ್ರಿತರ ಶಿಬಿರದಲ್ಲಿ ಹೆಸರು ಬರೆಸುತ್ತಾರಂತೆ. ವಿಮಾನ ಹತ್ತಿದ್ದು ಪುಷ್ಪರಾಣಿ ಮತ್ತು ಚಿಕ್ಕವರಿಬ್ಬರು. ಕೊಲಂಬೊದಲ್ಲಿ ಇಳಿದ ಮೇಲೆ ಅವಳಿಂದ ಸುದ್ದಿಯಿಲ್ಲ. ಅವಳನ್ನು ಅಲ್ಲಿ ಏನು ಕೇಳಿದರೋ, ಅವಳು ಏನು ಹೇಳಿದಳೋ, ನನಗೆ ಗೊತ್ತಿಲ್ಲ.

ಬರುವ ಶುಕ್ರವಾರ ವೀಸಾ ಮುಗಿಯುತ್ತದೆ. ಬಂದವರು ನಾಲ್ವರು, ಹೋದವರು ಮೂವರು ಎಂದು ಒಂದಲ್ಲ ಒಂದು ದಿನ ಯಾರಾದರೂ ಲೆಕ್ಕ ಹಾಕಿಯೇ ಹಾಕುತ್ತಾರೆ. ಆಗ ಜೀಪು ನಮ್ಮ ಗೇಟಿನ ಹತ್ತಿರ ನಿಧಾನವಾಗುವುದಿಲ್ಲ, ಒಳಗೇ ಬರುತ್ತದೆ. ನಾನು ನನ್ನ ಮಾತಿಗೆ ಅಂಟಿಕೊಂಡಿರುತ್ತೇನೆ. ನಿನ್ನನ್ನು ಕೇಳಿದರೆ, ಸಹಿ ಹಾಕಿ ಹೋದದ್ದಷ್ಟೇ, ಆಮೇಲಿನದೇನೂ ಗೊತ್ತಿಲ್ಲ ಎನ್ನು. ಈ ಕಾಗದ ಒಡೆಯುವವರೆಗೆ ಅದು ನಿಜವೂ ಆಗಿತ್ತು. ಅದನ್ನೂ ನಿನ್ನಿಂದ ಕಿತ್ತುಕೊಂಡೆ ಎಂದು ಬೇಸರಪಡಬೇಡ. ಹೇಳದೆ ಇಟ್ಟುಕೊಳ್ಳುವ ಶಕ್ತಿ ನನಗೆ ಸಾಲಲಿಲ್ಲ. ಟ್ರಸ್ಟಿನಿಂದ ನಿನ್ನ ಹೆಸರು ತೆಗೆಯಬೇಕೆಂದರೆ ಅನ್ಸಾಫನ ಮೂಲಕ ಒಂದು ಮಾತು ಹೇಳಿ ಕಳುಹಿಸು. ನನಗೆ ಅರ್ಥವಾಗುತ್ತದೆ.

ಓದಿದ ಮೇಲೆ ಇದನ್ನು ಇಟ್ಟುಕೊಳ್ಳಬೇಡ. ಇಹ್ಸಾನ್‌ಗೆ ಟೀಚರ ಮುತ್ತು.

ನಿನ್ನ ಉತ್ತರಕ್ಕಿಂತ ಹೆಚ್ಚಾಗಿ ನಿನ್ನ ದುವಾಕ್ಕೆ ಕಾದಿರುವ,
ಶಶಿಪ್ರಭಾ

ಮರೆತು ಬಿಟ್ಟದ್ದಲ್ಲ, ಬರೆಯಲೋ ಬೇಡವೋ ಎಂದು ಕೊನೆಗೆ ಉಳಿಸಿದ್ದು: ಮಂಗಳೂರಿನ ಪ್ಲಾಟ್‌ಫಾರಂನಲ್ಲಿ ಪುಷ್ಪರಾಣಿ ಚಿಕ್ಕವರಿಗೆ ನೀರು ತರಲು ಹೋದಾಗ, ಆ ಹುಡುಗಿ ಮೊದಲ ಸಲ ಬಾಯಿ ತೆರೆದು ನನ್ನೊಡನೆ ಮಾತಾಡಿದಳು. ತಮಿಳಿನಲ್ಲಿ, ತೀರಾ ಮೆಲ್ಲಗೆ. ಅವಳು ಮಲರ್ ಅಲ್ಲ. ಮಲರ್ ಅವಳ ತಂಗಿ, ನಾವು ಕರೆದ ಕಿವುಡ ಹುಡುಗಿ. ನವೆಂಬರಿನಲ್ಲಿ ಅವರ ಕೇರಿಯ ಮೇಲೆ ಷೆಲ್ ಬೀಳತೊಡಗಿದಾಗ ಸದ್ದು ಕೇಳಿ ಎಲ್ಲರೂ ಓಡಿದರು. ಮಲರ್ ಬಾವಿಯ ಹತ್ತಿರ ಬಗ್ಗಿ ನೀರು ಸೇದುತ್ತಿದ್ದಳು. ಅಕ್ಕ ದೂರದಿಂದ ಕೂಗಿದಳು, ಕೂಗುತ್ತಲೇ ಇದ್ದಳು. ವೀಸಾ ಬರುವಾಗ ಮನೆಯಲ್ಲಿ ಉಳಿದದ್ದು ತಂಗಿಯ ಪಾಸ್‌ಪೋರ್ಟು ಮತ್ತು ಅದೇ ಮುಖದ ಅಕ್ಕ. ಇವಳ ಹೆಸರು ಯೋಗಮ್ಮ. ಈ ಕಡೆ ಅದು ಗೊತ್ತಿದ್ದದ್ದು ನನಗೊಬ್ಬಳಿಗೆ, ಇನ್ನು ನಿನಗೆ.