ಒಂಬತ್ತನೆಯ ಔಷಧ

ಮಾರ್ಚ್ ೧೪, ಗುರುವಾರ

ಹೆಂಡತಿಯ ಮುಖದ ಊತ ಇನ್ನೂ ಇಳಿದಿಲ್ಲ. ಆಮ್ಲಜನಕದ ನಳಿಕೆಯನ್ನೂ ತೆಗೆದಿಲ್ಲ. ಅವಳಿಗೆ ಒಗ್ಗದ ಒಂಬತ್ತು ಔಷಧಗಳನ್ನು ಆಸ್ಪತ್ರೆಯ ಜಾಲತಾಣದಲ್ಲಿ ತುಂಬಿದವನು ನಾನು, ಅದೂ ಅಕಾರಾದಿಯಾಗಿ. ಪ್ರಾಣಕ್ಕೇ ಎರವಾಗಬಲ್ಲ ಸಲ್ಫಾ ಹೀಗೆ ಕಟ್ಟಕಡೆಗೆ ಹೋಯಿತು. ನಿನ್ನೆ ವೈದ್ಯರ ಪರದೆಯ ಮೇಲೆ ಎಂಟೇ ಹೆಸರುಗಳಿದ್ದವು. ಅವರು ಸಲ್ಫಾ ಕೊಟ್ಟರು.

ಆ ಜಾಲತಾಣವನ್ನು ಸಿದ್ಧಪಡಿಸಿದವಳು ನಮ್ಮ ಮಗಳೇ. ಹಾಸಿಗೆಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತು ಹೇಳಿದಳು: "ಅಪ್ಪ, ಕಂಪ್ಯೂಟರ್ ಕೋಡನ್ನ ಈಗ ಎಐ ಯಂತ್ರವೇ ಬರೆದುಕೊಡುತ್ತೆ. ಪಟ್ಟಿಗೆ ಎಂಟೇ ಸಾಕು ಅಂತ ಮಿತಿ ಹಾಕಿದ್ದು ಮಾತ್ರ ನಾನು. ಮೀರಿದ್ರೆ ತಗೊಳ್ಳಲ್ಲ ಅನ್ನುತ್ತೆ ಅಂದ್ಕೊಂಡಿದ್ದೆ. ಅದು ಸದ್ದಿಲ್ದೆ ಕತ್ತರಿಸಿಬಿಟ್ಟಿದೆ."

"ಸಲ್ಫಾನ ಕೊನೆಗೆ ಬರೆದವನು ನಾನಲ್ವೇನಮ್ಮ?" ಎಂದೆ.

ಮೂಗಿಗೆ ನಳಿಕೆ ಇದ್ದಂತೆಯೇ ಹೆಂಡತಿ ತೊದಲಿದಳು: "ಮೇಷ್ಟ್ರೇ, ಔಷಧಿಗೂ ಹಾಜರಿ ಕೂಗಿದ್ರಾ?"

ನನಗೂ ಮಗಳಿಗೂ ನಗು ಬರಲಿಲ್ಲ.

ಎಂಟನ್ನು ಮೀರಿದರೆ ಅರ್ಜಿಯೇ ಮುಂದೆ ಹೋಗದಂತೆ ಮಗಳು ಸಂಜೆ ಸರಿಪಡಿಸಿದಳು. ನಾನು ಮನೆಗೆ ಬಂದು, ವೈದ್ಯರ ಕೈಗೇ ಕೊಡಲೆಂದು ಹೊಸ ಹಾಳೆಯಲ್ಲಿ ಒಂಬತ್ತನ್ನೂ ಬರೆಯುತ್ತ ಸಲ್ಫಾವನ್ನು ಎಲ್ಲಕ್ಕಿಂತ ಮೊದಲು ಬರೆದೆ. ಕ್ರಮ ತಪ್ಪಿದ ಆ ಪಟ್ಟಿಯನ್ನು ತಿದ್ದಲು ಕೈ ಈಗಲೂ ತವಕಿಸುತ್ತಿದೆ. ಯಾವುದು ಮೊದಲು ಬರಬೇಕೆಂದು ನಲವತ್ತು ವರ್ಷ ಮಕ್ಕಳಿಗೆ ಕಲಿಸಿದವನು ನಾನು, ಆದರೆ ನನಗೆ ಅದು ತಿಳಿದದ್ದು ನಿನ್ನೆ.