ತುಂಬಲಾಗದ ಸುತ್ತು

ಮೇಷ್ಟ್ರೇ,

ನಾನು ಮಂಗಳ, ತಿಪಟೂರಿನಿಂದ ಪ್ರತಿ ಭಾನುವಾರ ಬಸ್ಸು ಹತ್ತಿ ತುರುವೇಕೆರೆಯ ನಿಮ್ಮ ಮನೆಗೆ ಬರುತ್ತಿದ್ದವಳು. ನೀವು ಹೋಗಿ ಒಂದು ವರ್ಷದ ಮೇಲಾಯಿತು. ಬರೆದರೆ ನಿಮಗೆ ಮುಟ್ಟುವುದಿಲ್ಲ ಅಂತ ಗೊತ್ತು. ಆದರೆ ಈ ಮಾತನ್ನು ಇನ್ಯಾರಿಗೆ ಹೇಳಲಿ?

ನನ್ನ ಸಂಶೋಧನೆಯ ವಿಷಯ ಕೇಳಿದ ದಿನ ನೀವು ಜಗುಲಿಯ ಮೇಲೆ ಕನ್ನಡಕ ಒರೆಸುತ್ತಾ ಕೂತಿದ್ದಿರಿ. "ಟೋಪಾಲಜಿ ನಾನೂ ಓದಿದ್ದೆ ಕಣಮ್ಮ. ಆಕಾರವ ಹಿಗ್ಗಿಸಬೋದು, ಕುಗ್ಗಿಸಬೋದು, ಹರಿಯಂಗಿಲ್ಲ. ಅದುಕ್ಕೂ ಕಂಪ್ಯೂಟರಿಗೂ ಎತ್ತಣ ಸಂಬಂಧ?" ಅಂದಿರಿ. ಮೂರು ಕಂಪ್ಯೂಟರುಗಳು ಸಂದೇಶ ಕಳಿಸಿಕೊಂಡು ಒಂದೇ ತೀರ್ಮಾನಕ್ಕೆ ಬರಬೇಕು, ನಡುವೆ ಯಾವುದು ಬೇಕಾದರೂ ನಿಂತುಹೋಗಬಹುದು ಅಂತ ಶುರುಮಾಡಿದೆ. ಒಂದೊಂದು ಕಂಪ್ಯೂಟರಿಗೆ ಗೊತ್ತಿರುವುದನ್ನು ಒಂದೊಂದು ಚುಕ್ಕಿ ಅಂದುಕೊಳ್ಳಿ. ಒಟ್ಟಿಗೆ ಇರಬಹುದಾದ ಚುಕ್ಕಿಗಳನ್ನು ಸೇರಿಸಿದರೆ ತ್ರಿಕೋನ. ಎಷ್ಟೇ ಸಂದೇಶ ಓಡಾಡಿದರೂ ಆ ತ್ರಿಕೋನ ಇನ್ನೂ ಪುಟ್ಟ ತ್ರಿಕೋನಗಳಾಗಿ ಹಂಚಿಕೊಳ್ಳುತ್ತದೆ, ಹರಿಯುವುದಿಲ್ಲ. ಎಲ್ಲಕ್ಕೂ ಒಂದೇ ಉತ್ತರ ಸಿಗುವಂತೆ "ಹೌದು" ಒಂದು ಕಡೆ, "ಇಲ್ಲ" ಒಂದು ಕಡೆ ಆಗಬೇಕಾದರೆ ಹರಿಯಲೇಬೇಕು. ಅದಕ್ಕೇ ಆ ಕೆಲಸ ಯಾವ ಕಂಪ್ಯೂಟರಿನಿಂದಲೂ ಆಗದು. ನೀವು ಕನ್ನಡಕ ಹಾಕಿಕೊಂಡು, "ಆಗ್ತದೋ ಇಲ್ವೋ ಅನ್ನೋದುನ್ನ ಆಕಾರವೇ ಹೇಳ್ತದೆ ಅನ್ನು," ಅಂದಿರಿ. ಮುಂದಿನ ವಾರ ಬಂದರೆ ನಿಮ್ಮ ಹಳೆಯ ನೋಟ್‌ಬುಕ್ಕುಗಳೆಲ್ಲ ಕೊಬ್ಬರಿ ಅಟ್ಟದಿಂದ ಕೆಳಗಿಳಿದಿದ್ದವು.

ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯವನ್ನು ನೀವು ಮೂರು ವಾರ ಇಟ್ಟುಕೊಂಡಿರಿ. ಅಂಥ ಇನ್ನೊಂದು ಸಮಸ್ಯೆಯನ್ನು ಬಿಡಿಸಬಹುದು ಅಂತ ನಾನು ಅದರಲ್ಲಿ ಸಾಧಿಸಿದ್ದೆ. ಆ ಭಾನುವಾರ ನನ್ನನ್ನು ಒಳಗೆ ಕರೆಯಲೂ ಇಲ್ಲ, ಹಿತ್ತಲಿಗೆ ಕರೆದೊಯ್ದು ತೆಂಗಿನ ಮರದ ಸುತ್ತ ಒಂದು ಹಗ್ಗ ಹಾಕಿದಿರಿ.

"ಮರ ಕಡೀದೆ ಈ ಹಗ್ಗವ ಎಳೆದೂ ಎಳೆದೂ ಒಂದು ಚುಕ್ಕಿ ಮಾಡು, ನೋಡಾಣ."

"ಆಗಲ್ಲ ಮೇಷ್ಟ್ರೇ."

"ನಿನ್ನ ಅಧ್ಯಾಯದಾಗೂ ಹಿಂಗೇ ಆಗೈತೆ. ಅಲ್ಲಿರೋ ಸುತ್ತಿನ ಮಧ್ಯೆ ಒಂದು ತೂತು ಕುಂತೈತೆ. ನೀನು ತುಂಬ್ಬುಟ್ಟೆ ಅಂದ್ಕಂಡಿದೀಯ."

ಆ ಅಧ್ಯಾಯವನ್ನು ಲೇಖನ ಮಾಡಿ ಆಗಲೇ ಸಂಶೋಧನಾ ಪತ್ರಿಕೆಗೆ ಕಳಿಸಿಬಿಟ್ಟಿದ್ದೆ. ಅದಕ್ಕೆ ನನಗೆ ಸಿಟ್ಟು ಬಂತೋ, ಅಥವಾ ನೀವು ಹೇಳಿದ್ದು ನಿಜವಿರಬಹುದು ಅನ್ನಿಸಿ... "ನಿಮ್ಮ ಕಾಲದ ಗಣಿತ ಬೇರೆ ಮೇಷ್ಟ್ರೇ," ಅಂದೆ. ನೀವು ಹಗ್ಗ ಬಿಚ್ಚತೊಡಗಿದಿರಿ. ನಿಮ್ಮ ಮನೆಯವರು, ನಮ್ಮ ಅಮ್ಮಾವ್ರು, ತಂದ ಕಾಫಿಯನ್ನೂ ಕುಡಿಯದೆ ಹೊರಟುಬಿಟ್ಟೆ.

ಆ ವಾರ ನೀವು ಎರಡು ಸಲ ಫೋನ್ ಮಾಡಿದಿರಿ. ನಾನು ಎತ್ತಲಿಲ್ಲ, ಭಾನುವಾರ ಬರುವುದನ್ನೂ ಬಿಟ್ಟೆ. ಆಮೇಲೆ ಫೋನೇ ಬರಲಿಲ್ಲ. ನಿಮಗೂ ಕೋಪ ಬಂದಿದೆ, ಬರಲಿ ಅಂದುಕೊಂಡೆ. ಉತ್ತರ ಬಾರದಿದ್ದಾಗ ಆ ಕಡೆಯವರು ತಡ ಮಾಡುತ್ತಿದ್ದಾರೋ, ನಿಂತೇಹೋಗಿದ್ದಾರೋ ಅಂತ ಈ ಕಡೆಯವರಿಗೆ ತಿಳಿಯುವುದಿಲ್ಲ. ನನ್ನ ವಿಷಯ ಶುರುವಾಗುವುದೇ ಅಲ್ಲಿಂದ. ಅದನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದು ಪಾಠ ಮಾಡಿದ್ದೇನೆ. ಆದರೂ ನಿಮ್ಮ ಮೌನವನ್ನು ಕೋಪ ಅಂತ ತೀರ್ಮಾನಿಸಿಬಿಟ್ಟೆನಲ್ಲ?

ನಿಮಗೆ ಲಕ್ವ ಹೊಡೆದ ಸುದ್ದಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ತುರುವೇಕೆರೆಯಿಂದ ಬರುವ ಸಹೋದ್ಯೋಗಿಯೊಬ್ಬರ ಬಾಯಿಂದ ಗೊತ್ತಾಯಿತು. ಅಷ್ಟು ಹೊತ್ತಿಗೆ ಹದಿನೈದು ದಿನವಾಗಿತ್ತು. ನನ್ನ ನಂಬರ್ ಇದ್ದದ್ದು ನಿಮ್ಮ ಫೋನಿನಲ್ಲಿ ಮಾತ್ರ, ಅಮ್ಮಾವ್ರಿಗೆ ಅದನ್ನು ತೆಗೆಯಲು ಬರುತ್ತಿರಲಿಲ್ಲ. ಓಡಿ ಬಂದೆ. ನಿಮ್ಮ ಬಲಗೈ, ಮಾತು ಎರಡೂ ಹೋಗಿದ್ದವು. ನನ್ನನ್ನು ನೋಡಿ ಎಡಗೈ ಬೆರಳನ್ನು ಹಾಸಿಗೆಯ ಮೇಲೆ ದುಂಡಗೆ ಸುತ್ತಿಸಿದಿರಿ. "ನೀರು ಬೇಕಾ ಮೇಷ್ಟ್ರೇ?" ಅಂತ ಲೋಟ ಹಿಡಿದೆ. ನೀವು ಮುಖ ತಿರುಗಿಸಿದಿರಿ.

"ನೀರಲ್ಲ ಕಣಮ್ಮ," ಅಂದರು ಅಮ್ಮಾವ್ರು. "ನೆನ್ನೆಯಿಂದ ಹಂಗೇ ಸುತ್ತಿಸ್ತಾವ್ರೆ. ನಮಗೊಂದೂ ತಿಳೀತಿಲ್ಲ."

ನನಗಾದರೂ ತಿಳಿಯಿತಾ? ಅದು ನನ್ನ ಲೆಕ್ಕದ ಸುತ್ತೋ, ಬರೀ ಬೆರಳಿನ ನಡುಕವೋ? "ನೀವು ಹೇಳಿದ್ದೇ ಸರಿ" ಅಂದುಬಿಡಬಹುದಿತ್ತು. ಪರೀಕ್ಷಿಸದೆ ಹೇಗೆ ಹೇಳುವುದು ಅಂತ ಬಾಯಿ ಬರಲಿಲ್ಲ. ಮೂರನೇ ದಿನ ನೀವು...

ನಿಮ್ಮ ತಿಥಿ ಮುಗಿದ ಮೇಲೆ ಅಧ್ಯಾಯ ತೆರೆದು ಕೂತೆ. ಅರ್ಧ ಗಂಟೆಯೂ ಬೇಕಾಗಲಿಲ್ಲ ಮೇಷ್ಟ್ರೇ. ತೂತು ನೀವು ಹೇಳಿದಂತೆ ಆ ಸುತ್ತಿನ ಮಧ್ಯೆಯೇ ಇತ್ತು. ಲೇಖನ ವಾಪಸು ತಗೊಂಡೆ. ಆ ತೂತು ಮುಚ್ಚಲು ತಿಂಗಳುಗಟ್ಟಲೆ ಹೆಣಗಿದೆ. ಕೊನೆಗೆ ಅದನ್ನು ಯಾರಿಂದಲೂ ಮುಚ್ಚಲಾಗದು, ಆ ಸಮಸ್ಯೆಯನ್ನು ಬಿಡಿಸಲು ಸಾಧ್ಯವೇ ಇಲ್ಲ ಅಂತ ಸಾಧಿಸಿದ್ದಾಯಿತು. ಹೋದ ಭಾನುವಾರ ಅಮ್ಮಾವ್ರಿಗೆ ಹೇಳಿದೆ.

"ಆಗಲ್ಲ ಅಂತ ತಿಳ್ಕಳಕ್ಕೆ ಇಷ್ಟು ದಿನ ಬೇಕಾಯ್ತಾ?" ಅಂದರು.

"ಹೂಂ ಅಮ್ಮ."

"ಅವ್ರು ಮೊದ್ಲೇ ಹೇಳಿದ್ರಲ್ಲವಾ?"

ಅಮ್ಮಾವ್ರು ಎದ್ದು ಊಟಕ್ಕೆ ತಟ್ಟೆ ಹಾಕಿದರು.

ಈಗ ಹೊಸ ಲೇಖನ ಕಳಿಸಬೇಕು. ಅದಕ್ಕೆ ಇಬ್ಬರು ಲೇಖಕರು. ನಿಮ್ಮ ಹೆಸರು ಮೊದಲು, ನನ್ನದು ಆಮೇಲೆ. ಮೊದಲ ಲೇಖಕರು ತೀರಿಕೊಂಡಿದ್ದಾರೆ ಅಂತ ಅಡಿಟಿಪ್ಪಣಿ ಬರೆದಿದ್ದೇನೆ. ಆದರೂ ಪತ್ರಿಕೆಯ ಆನ್‌ಲೈನ್ ಅರ್ಜಿಯ ಕೊನೆಯಲ್ಲಿ ಒಂದು ಸಣ್ಣ ಚೌಕವಿದೆ: ಲೇಖಕರೆಲ್ಲರೂ ಇದನ್ನು ಓದಿ ಒಪ್ಪಿದ್ದಾರೆ. ಗುರುತು ಹಾಕದಿದ್ದರೆ ಪುಟ ಮುಂದಕ್ಕೆ ಹೋಗುವುದಿಲ್ಲ. ಎರಡು ದಿನ ಅದರ ಮುಂದೆ ಸುಮ್ಮನೆ ಕೂತಿದ್ದೆ. ಇವತ್ತು ಬೆಳಿಗ್ಗೆ ಹಾಕಿಬಿಟ್ಟೆ ಮೇಷ್ಟ್ರೇ. ನಿಮ್ಮನ್ನು ಕೇಳದೆ.