ದೇವರ ಗೂಡಿನಲ್ಲಿದ್ದ ಯಂತ್ರ

೬ ಫೆಬ್ರವರಿ ೨೦೨೫, ಗುರುವಾರ. ದೊಡ್ಡಬಳ್ಳಾಪುರ.

ಬೆಳಿಗ್ಗೆ ನಮ್ಮ ಅಧ್ಯಯನ ತಂಡದ ಮುಖ್ಯಸ್ಥ ಅಮರ್ ಸರ್ ಆಡಿದ ಮಾತು ಇನ್ನೂ ತಲೆ ಕೊರೆಯುತ್ತಿದೆ. "ಗುಡಿಸೋ ಹೆಂಗಸರ ಉಸಿರಾಟ ಕೆಟ್ಟಿದೆ, ಆದ್ರೆ ಅವರು ಉಸಿರಾಡೋ ಗಾಳಿ ಚೆನ್ನಾಗಿದೆ. ಧೂಳಿಗೂ ಉಬ್ಬಸಕ್ಕೂ ಸಂಬಂಧ ಇಲ್ಲ ಅಂತ ಬರೆದು ಮುಗಿಸಿ, ನಿಶತ್."

ನಾನು ಮುಗಿಸುವುದಿಲ್ಲ.

ಸೊಣ್ಣಮ್ಮ ದಾಬಸ್‌ಪೇಟೆಯ ಒಂದು ಕಾರ್ಖಾನೆಯ ಅಂಗಳ ಗುಡಿಸುತ್ತಾಳೆ. ಧೂಳು ಅಳೆಯುವ ಯಂತ್ರವನ್ನು ಅವಳ ಸೊಂಟಕ್ಕೆ, ಜೊತೆಗೆ ಗುಡಿಸುವ ಹೆಂಗಸರ ಸೊಂಟಕ್ಕೂ ನಾನೇ ಕಟ್ಟಿ ಬಂದಿದ್ದೆ. ಅವಳು ಹೋದಲ್ಲೆಲ್ಲ ಅದೂ ಹೋಗಬೇಕು. ಸಂಜೆ ಹೇಳದೆ ಹೋದರೆ, ಅವಳು ಆಗತಾನೆ ಕೆಲಸದಿಂದ ಬಂದಿದ್ದಳು, ರೆಪ್ಪೆಯ ಮೇಲೂ ಧೂಳು. ಯಂತ್ರ ಮಾತ್ರ ದೇವರ ಗೂಡಿನಲ್ಲಿ ಒಗೆದ ಬಟ್ಟೆ ಹೊದ್ದು ಕೂತಿತ್ತು.

"ದಿನಾ ಇಲ್ಲೇ ಇಡ್ತೀರಾ ಅಮ್ಮಾ?"

"ಹೂನಮ್ಮಾ. ಆ ಧೂಳಿಗೆ ತಗೊಂಡೋದ್ರೆ ಕೆಟ್ಟೋಗಲ್ವಾ?" ಎಂದು ನಕ್ಕಳು. ನಗು ಕೆಮ್ಮಾಯಿತು.

ಅಲ್ಲಿಂದಲೇ ಸರ್‌ಗೆ ಫೋನ್ ಮಾಡಿದೆ.

"ಒಬ್ಬಳದು ತಾನೇ? ಬಿಟ್ಟಾಕಿ."

"ಅಕ್ಕಪಕ್ಕದ ಮನೆಗಳಲ್ಲೂ ನೋಡ್ದೆ ಸರ್. ಎಲ್ಲರೂ ಹಿಂಗೇ ಜೋಪಾನ ಮಾಡಿದಾರೆ. ನಾವು ಅಳೆದಿದ್ದು ಗೂಡಿನ ಗಾಳಿ."

"ವರದಿ ಈ ವಾರ ಹೋಗ್ಬೇಕು."

"ನನ್ನ ಹೆಸರು ತೆಗೆದು ಕಳಿಸಿ. ಇಲ್ಲಾಂದ್ರೆ ಮತ್ತೆ ಅಳೆಯೋಣ."

ಅವರು ಫೋನ್ ಇಟ್ಟರು. ಇಡಲಿ. ನಾಳೆ ಮತ್ತೆ ಹೋಗುತ್ತೇನೆ. ಕೆಟ್ಟರೆ ಕೆಡಲಿ, ಕಟ್ಟಿಕೊಂಡೇ ಗುಡಿಸಿ ಎನ್ನುತ್ತೇನೆ. ಸಂಬಂಧ ಇಲ್ಲವಂತೆ. ಯಂತ್ರ ಕೆಡುವಂಥ ಗಾಳಿ ಎಂದು ಅವಳಿಗೆ ಗೊತ್ತಿದೆ. ಗೊತ್ತಿದ್ದೇ ಅದನ್ನು ಒಳಗಿಟ್ಟು, ತಾನು ಪೊರಕೆ ಹಿಡಿದು ಅದೇ ಗಾಳಿಗೆ ಹೋಗುತ್ತಾಳೆ.